ಬಿಪಿ ಮಷಿನ್‌ನ ಮೂರನೇ ನಂಬರ್

ಮೇ ತಿಂಗಳು. ಕಲಬುರಗಿಯಲ್ಲಿ ಬಿಸಿಲು 42. ನಮ್ಮ ಕಾಕಾನ ನಾಡಿ 38.

ಎರಡು ವಾರದಿಂದ ಕಾಕಾಗೆ ತಲೆ ತಿರುಗುತ್ತಿತ್ತು. ಬಿಸಿಲಿಗೆ ಇರಬೇಕು ಅಂತ ನಾವು ಮಜ್ಜಿಗೆ ಕುಡಿಸಿದ್ದೇ ಕುಡಿಸಿದ್ದು. ಬಿಪಿ ಮಷಿನ್ ದಿನಾ ಪಲ್ಸ್ ತೋರಿಸುತ್ತಿತ್ತು. ಮೇಲಿನ ಎರಡು ನಂಬರ್ ನೋಡಿ ಆಫ್ ಮಾಡುತ್ತಿದ್ದೆವು. ಕೆಳಗಿನದನ್ನು ಯಾರು ನೋಡ್ತಾರೆ, ಅಲ್ವಾ?

ಇಸಿಜಿ ಆಯಿತು. ಬಂದ ನೆಂಟರೆಲ್ಲ ಪೇಸ್‌ಮೇಕರ್ (ಹೃದಯಕ್ಕೆ ಸಣ್ಣ ಕರೆಂಟ್ ಕೊಟ್ಟು ಬಡಿಸುವ ಪುಟ್ಟ ಮಷಿನ್) ಹಾಕಿಸಿಬಿಡಿ ಅಂದರು. ಡಾಕ್ಟರ್ ಮೊದಲು ಕೇಳಿದ್ದು ಗುಳಿಗೆ ಚೀಟಿ. ಬಿಪಿಗೆ ಮೆಟೊಪ್ರೊಲಾಲ್ ಇತ್ತು, ಅದು ನಾಡಿ ಇಳಿಸುತ್ತದೆ.

"ಮತ್ತೇನರ ತಗೋತೀರೇನ್ರಿ?"

"ಏನಿಲ್ರಿ," ಅಂದರು ಕಾಕಾ.

ಕಾಕಿ ಮೆಲ್ಲಗೆ ಅಂದರು, "ಕಣ್ಣಿಗಿ ಡ್ರಾಪ್ಸ್ ಹಾಕ್ಕೋತಾರ್ರಿ."

ಗ್ಲಾಕೋಮಾಗೆ, ಅಂದರೆ ಕಣ್ಣಿನ ಒತ್ತಡದ ಕಾಯಿಲೆಗೆ, ಕೊಟ್ಟಿದ್ದ ಟಿಮೊಲಾಲ್. ಅದೂ ಅದೇ ಜಾತಿಯ ಔಷಧ! ಕಣ್ಣಿಗೆ ಬಿಟ್ಟ ಹನಿ ಮೂಗಿಗೆ ಇಳಿದು, ರಕ್ತ ಸೇರಿ, ಎದೆಗೂ ಮುಟ್ಟುತ್ತದೆ ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು. ಕಣ್ಣಿನ ಡಾಕ್ಟರನ್ನೂ ಕೇಳಿ ಎರಡನ್ನೂ ಬದಲಿಸಿದರು. ನಾಲ್ಕೇ ದಿನಕ್ಕೆ ನಾಡಿ 64. (ನೀವೇ ನಿಲ್ಲಿಸೋಕೆ ಹೋಗಬೇಡಿ ಮತ್ತೆ. ಇಂಥ ಗುಳಿಗೆ ದಿಢೀರ್ ಬಿಟ್ಟರೆ ಎದೆಗೆ ಬೇರೆ ತೊಂದರೆ ಬರಬಹುದು.)

ಥೈರಾಯ್ಡ್ ಕಡಿಮೆಯಾದರೂ, ಪೊಟ್ಯಾಷಿಯಂ ಏರಿದರೂ ನಾಡಿ ಇಳಿಯುತ್ತದೆ. ಓಟಗಾರರಿಗೆ 50 ಇದ್ದರೂ ಏನೂ ಆಗಿರಲ್ಲ. ಹಾಗಾಗಿ ನಂಬರ್ ನೋಡಿದ ಕೂಡಲೇ ಪೇಸ್‌ಮೇಕರ್ ಅನ್ನುವವರ ಮೇಲೆ ನನಗೆ ಸಿಟ್ಟು.

ಆದರೆ ಬೇಕಾದಾಗ ಬೇಡ ಅನ್ನುವವರ ಮೇಲೆ ಇನ್ನೂ ಜಾಸ್ತಿ. ಆಳಂದದ ನಮ್ಮ ಸೋದರಮಾವನಿಗೆ ಕಂಪ್ಲೀಟ್ ಹಾರ್ಟ್ ಬ್ಲಾಕ್. ರಕ್ತನಾಳದ್ದಲ್ಲ, ಸ್ಟೆಂಟ್‌ಗೂ ಇದಕ್ಕೂ ಸಂಬಂಧವಿಲ್ಲ. ಹೃದಯದ ಮೇಲಿನ ಕೋಣೆಯ ಕರೆಂಟ್ ಕೆಳಗಿನ ಕೋಣೆಗೆ ಇಳಿಯುತ್ತಲೇ ಇರಲಿಲ್ಲ. ತುರ್ತಿಗೆ ಸೂಜಿ, ತಾತ್ಕಾಲಿಕ ವೈರ್ ಇವೆ. ಕಾಯಂ ಗುಳಿಗೆ ಇಲ್ಲ, ಪೇಸ್‌ಮೇಕರೇ ಬೇಕು. ಎರಡು ಸಲ ಎಚ್ಚರ ತಪ್ಪಿ ಬಿದ್ದ ಮೇಲೂ ಮಾವ, "ಮಷಿನ್ ಮ್ಯಾಲ ಬದುಕಂಗಿಲ್ಲ" ಅಂತ ಹಟ ಹಿಡಿದರು. 1958ರಲ್ಲಿ ಸ್ವೀಡನ್‌ನಲ್ಲಿ ಮೊದಲು ಹಾಕಿಸಿಕೊಂಡ ಮನುಷ್ಯ 2001ರ ತನಕ ಬದುಕಿದ್ದ ಅಂದೆ.

"ಅಂವ ಸ್ವೀಡನ್‌ದಾಂವ ಬಿಡು," ಅಂದರು.

ಕೊನೆಗೆ ಅತ್ತೆಯ ಕಣ್ಣೀರಿಗೆ ಒಪ್ಪಿದರು. ಎದೆ ಸೀಳಲಿಲ್ಲ. ಕಾಲರ್ ಮೂಳೆಯ ಕೆಳಗೆ ಅಷ್ಟೇ ಜಾಗ ಮರಗಟ್ಟಿಸಿ, ಚರ್ಮದಡಿ ಇಟ್ಟರು. ಬ್ಯಾಟರಿ ಸುಮಾರು 8-10 ವರ್ಷ ಬರುತ್ತದೆ. ಆಯುಷ್ಮಾನ್ ಕಾರ್ಡಿನ ಚಿಕಿತ್ಸೆಗಳಲ್ಲಿ ಇದೂ ಇದೆ. ಜಯದೇವ ಹೃದ್ರೋಗ ಆಸ್ಪತ್ರೆ ನಮ್ಮ ಕಲಬುರಗಿಯಲ್ಲೇ ಇದೆ, ಸುಮ್ನೆ ಬೆಂಗಳೂರಿಗೆ ಓಡೋದು ಬೇಡ.

ಮಾವ ಈಗ ಫೋನನ್ನು ಎಡ ಜೇಬಿಗೆ ಹಾಕುವುದಿಲ್ಲ. ಕಾಕಾ ಯಾವ ಡಾಕ್ಟರ ಹತ್ತಿರ ಹೋದರೂ ಅಮೃತಾಂಜನ ಸಮೇತ ಎಲ್ಲವನ್ನೂ ಕೈಚೀಲಕ್ಕೆ ತುಂಬಿಕೊಂಡೇ ಹೋಗುತ್ತಾರೆ.