ಬೊರಿವಲಿಯ ಕಾಡು, ಕುದುರೆಮುಖದ ಕಾಡು

ಬೊರಿವಲಿಯ ನಮ್ಮ ಕಟ್ಟಡದ ಹಿಂದೆಯೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಆರಂಭವಾಗುತ್ತದೆ. ಸುಮಾರು 104 ಚದರ ಕಿಲೋಮೀಟರಿನ ಆ ಕಾಡು, ಅದರೊಳಗಿನ ಕನ್ಹೇರಿ ಗುಹೆಗಳು, ನಗರಕ್ಕೆ ನೀರುಣಿಸುವ ತುಳಸಿ ಮತ್ತು ವಿಹಾರ ಕೆರೆಗಳು ಮುಂಬೈಯವರ ದಿನಚರಿಗೇ ಸೇರಿಹೋಗಿವೆ. ಬೆಳಗಿನ ನಡಿಗೆಗೆಂದು ಒಳಹೋಗುವವರಲ್ಲಿ ನಾನೂ ಒಬ್ಬ. ಇದನ್ನು ಕೇಳಿದ ಕಳಸದ ನಮ್ಮ ಭಾವ, ಕುದುರೆಮುಖವನ್ನೂ ಹೀಗೆಯೇ ಎಲ್ಲರಿಗೂ ತೆರೆದಿಡಬಾರದೇ ಎನ್ನುತ್ತಾರೆ.

ಕೂಡದು ಎಂಬುದು ನನ್ನ ಅಭಿಪ್ರಾಯ. ಬೊರಿವಲಿಯ ಚಿರತೆ ಬೀದಿನಾಯಿಯನ್ನು ತಿಂದು, ಮನುಷ್ಯರ ಕಣ್ತಪ್ಪಿಸಿ ಬದುಕಬಲ್ಲದು. ಕುದುರೆಮುಖದ ಸಿಂಗಳೀಕಕ್ಕೆ ಆ ಜಾಣ್ಮೆಯಿಲ್ಲ. ಅಲ್ಲಿ ಗುಡ್ಡದ ನೆತ್ತಿಯಲ್ಲೆಲ್ಲ ಹುಲ್ಲು. ಗಾಳಿಯ ಹೊಡೆತ ತಾಗದ, ಮಣ್ಣು ಆಳವಾಗಿರುವ ಮಡಿಕೆಗಳಲ್ಲಿ ಮಾತ್ರ ಶೋಲಾ, ಅಂದರೆ ಗಿಡ್ಡ ಮರಗಳ ದಟ್ಟ ಕಾಡು. ಅದಕ್ಕೂ ಕೆಳಗಿನ ನಿತ್ಯಹರಿದ್ವರ್ಣದ ಕಾಡಿನಲ್ಲಿ, ಕೊಂಬೆಗೆ ಕೊಂಬೆ ಕೂಡಿದ್ದರಷ್ಟೇ, ಸಿಂಗಳೀಕದ ಸಂಸಾರ. ಒಮ್ಮೆ ಮಾಳ ಘಾಟಿಯಲ್ಲಿ ಬಸ್ಸು ಪಂಕ್ಚರಾಗಿ ನಿಂತಾಗ, ಬೂದುಬಣ್ಣದ ಕೇಸರವಿದ್ದ ಒಂದು ಸಿಂಗಳೀಕ ಹೆಬ್ಬಲಸಿನ ಹಣ್ಣು ಬಗೆದು ತಿನ್ನುತ್ತಾ, ಸಿಪ್ಪೆಯನ್ನು ನೇರವಾಗಿ ನಮ್ಮ ಕಂಡಕ್ಟರರ ತಲೆಯ ಮೇಲೆ ಬೀಳಿಸಿತ್ತು. ಸಿಂಗಳೀಕಗಳ ಸಮೀಕ್ಷೆ ನಡೆಸಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ಶಿಫಾರಸಿನ ಫಲವಾಗಿಯೇ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತರೂ, ಲಕ್ಯಾ ಅಣೆಕಟ್ಟೆಯ ಹಿಂದೆ ಅದರ ಹೂಳು ಇಂದಿಗೂ ತುಂಬಿಕೊಂಡಿದೆ. ಇನ್ನು ವಾರಾಂತ್ಯದ ಜಾತ್ರೆಯನ್ನೂ ಅಲ್ಲಿ ಸೇರಿಸಬೇಕೇ?

ಆದರೆ ಚಿರತೆಯ ವಿಷಯದಲ್ಲಿ ನಮ್ಮವರು ಮುಂಬೈಯಿಂದ ಕಲಿಯುವುದಿದೆ. 2004ರ ಸುಮಾರಿಗೆ ಇಲ್ಲಿ ದಾಳಿಗಳು ಹೆಚ್ಚಿದಾಗ ಬೋನಿಟ್ಟು ಹಿಡಿದು ಬೇರೆಡೆ ಬಿಡುವುದೇ ಪರಿಹಾರವೆನಿಸಿತ್ತು. ಹಾಗೆ ನೆಲೆ ತಪ್ಪಿಸಿದ ಪ್ರಾಣಿಗಳಿಂದ ತೊಂದರೆ ಹೆಚ್ಚುತ್ತದೆಂಬುದು ಆಮೇಲೆ ತಿಳಿಯಿತು. ಈಗ ನಮ್ಮ ಸೊಸೈಟಿಯ ಫಲಕದಲ್ಲಿ ಕಸ ಚೆಲ್ಲಬೇಡಿ, ನಾಯಿಗಳು ಸೇರುತ್ತವೆ, ಅವುಗಳ ಹಿಂದೆ ಚಿರತೆ ಬರುತ್ತದೆ ಎಂದು ಮರಾಠಿಯಲ್ಲಿ ಬರೆದಿದೆ. ಕಾಡಿನೊಳಗಿನ ವಾರ್ಲಿ ಬುಡಕಟ್ಟಿನವರಂತೂ ಚಿರತೆಯನ್ನು ವಾಘೋಬಾ ಎಂದು ಹಿಂದಿನಿಂದಲೂ ಪೂಜಿಸಿಕೊಂಡು ಬಂದವರು. ನಮ್ಮ ಮಲೆನಾಡಿನಲ್ಲೂ ಹುಲಿದೇವರಿಗೆ ಕಾಯಿ ಒಡೆಯುತ್ತೇವೆ, ಮರುದಿನ ತೋಟದಲ್ಲಿ ಹೆಜ್ಜೆ ಕಂಡರೆ ಬೋನು ತನ್ನಿ ಎನ್ನುತ್ತೇವೆ.

ಕಳೆದ ವರ್ಷ ಭಾವನ ಮನೆಯ ನಾಯಿಯನ್ನು ಚಿರತೆ ಒಯ್ದಿತು. ಹೊಸ ನಾಯಿಯನ್ನು ರಾತ್ರಿ ಒಳಗೆ ಕಟ್ಟಿ ಎಂದು ಫೋನಿನಲ್ಲಿ ಹೇಳಿದೆ. ಕಟ್ಟುತ್ತಿದ್ದಾರಂತೆ, ಬೋನಿನ ಅರ್ಜಿಯನ್ನು ಮಾತ್ರ ಇನ್ನೂ ಹಿಂತೆಗೆದುಕೊಂಡಿಲ್ಲ.