ಅತ್ತಿಯ ಸೆರಗು

ಅಕ್ಕನ ಮಗಳ ಕುಬಸದ (ಸೀಮಂತದ) ವಿಡಿಯೋ ನೋಡಲು ಇಳಕಲ್ಲಿನಿಂದ ಅತ್ತಿ ಬಂದಿದ್ದಳು. ನೋಡಬೇಕಾಗಿದ್ದದ್ದು ಕುಬಸವನ್ನಲ್ಲ, ಅವತ್ತು ತಾನುಟ್ಟ ಹೊಸ ಸೀರೆಯ ತೋಪ ತೆನಿ ಸೆರಗನ್ನು. "ಮೊಬೈಲ್‌ನ್ಯಾಗ ಏನ್ ಕಾಣತೈತೋ ತಮ್ಮಾ, ದೊಡ್ಡದರಾಗ ಹಚ್ಚು" ಅಂದಳು. ಹಚ್ಚಲು ಕುಂತೆ.

ನನ್ನ ಲ್ಯಾಪ್‌ಟಾಪ್ ಖಡಕ್ ರೊಟ್ಟಿಯಷ್ಟು ತೆಳ್ಳಗಿದೆ. ಟಿವಿಗೆ ವೈರ್ ಎಳೆಯುವ ಎಚ್‌ಡಿಎಂಐ ತೂತಿಗೆ ಜಾಗವಿಲ್ಲ, ಇರುವವು ಎರಡು ಟೈಪ್-ಸಿ. ಪೇಟೆಯಿಂದ ತಂದ ಅಡಾಪ್ಟರ್ ಚುಚ್ಚಿದೆ. ಟಿವಿ "ನೋ ಸಿಗ್ನಲ್" ಅಂತು. ತಿರುವಿ ಹಾಕಿದೆ. ಊದಿದೆ (ಟೇಪ್‌ರೆಕಾರ್ಡರ್ ಕಾಲದ ಚಟ). ಆಮೇಲೆ ತಿಳಿಯಿತು, ಈ ಎರಡು ತೂತುಗಳು ರೂಪದಲ್ಲಷ್ಟೇ ಅವಳಿಜವಳಿ. ಚಿತ್ರ ದಾಟಲು ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಬೇಕು. ನಾನು ಹಿಡಿದ ತೂತು ಚಾರ್ಜಿಗೆ, ಫೈಲಿಗೆ ಮಾತ್ರ. ಅಷ್ಟರಲ್ಲಿ ಸುಸಲಾ ಎರಡನೇ ಸುತ್ತು ಬಂದಿತ್ತು.

ಇನ್ನೊಂದರಲ್ಲಿ ಹಾಕಿದೆ. ಮತ್ತೆ ಅದೇ ರಾಗ. ಎಚ್‌ಡಿಎಂಐಗೆ 19 ಪಿನ್ನು. ಕೊನೆಯ ಪಿನ್ನಿನ ಕೆಲಸ, ಟಿವಿ ಇದೆ ಎಂದು ಕಂಪ್ಯೂಟರಿಗೆ ಕೂಗಿ ಹೇಳುವುದು. ಆಮೇಲೆ ಟಿವಿ ತನ್ನ ಹೆಸರು, ಅಳತೆ, ರೆಸಲ್ಯೂಶನ್ ಎಲ್ಲ ಬರೆದ ಇಡಿಐಡಿ ಕೊಡುತ್ತದೆ, ಕನ್ಯಾ ನೋಡಲು ಬಂದವರ ಕೈಗೆ ಬಯೋಡಾಟಾ ಇಟ್ಟ ಹಾಗೆ. ಬಯೋಡಾಟಾ ತಲುಪಿತ್ತು, ಸೆಟ್ಟಿಂಗ್ಸಿನಲ್ಲಿ ಟಿವಿಯ ಹೆಸರು ಕಾಣುತ್ತಿತ್ತು. ಹಾಗಾದರೆ ಅಡ್ಡಿ ಎಲ್ಲಿ?

"ಮಾಮಾ, ವೈರ್ ಎಚ್‌ಡಿಎಂಐ 2ರಾಗ ಐತಿ, ಟಿವಿ 1ರಾಗ ಕಾಯಾಕತ್ತೈತಿ" ಅಂದ ಅಕ್ಕನ ಮಗ, ರಿಮೋಟಿನ ಇನ್‌ಪುಟ್ ಗುಂಡಿ ಒತ್ತುತ್ತ. ಆಲಮಟ್ಟಿ ಹಿನ್ನೀರಿಗೆ ಮನಿ ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರು ನಾವು. ಸೆಕ್ಟರ್ ನಂಬರ್ ತಪ್ಪಿ, ಯಾರದೋ ಮನೆಯಲ್ಲಿ ಚಹಾ ಕುಡಿದೇ ಬಂದ ಬೀಗರನ್ನು ಕಂಡವನು ನಾನು. ನನಗೇ ಹೊಳೆಯಬೇಕಿತ್ತು.

ಟಿವಿ ಬೆಳಗಿತು. ಬರೀ ನೀಲಿ ಗುಡ್ಡದ ವಾಲ್‌ಪೇಪರ್.

"ಇದ್ಯಾರ ಕುಬಸಾನೋ?"

ಎಕ್ಸ್‌ಟೆಂಡ್ ಆಗಿತ್ತು: ವಿಡಿಯೋ ನನ್ನ ತೊಡೆಯ ಮೇಲೆ, ಮೌಸಿನ ಬಾಣ ಟಿವಿಯೊಳಗೆ ತವರಿಗೆ ಹೋದಂತೆ ಹೋಗಿ ಕುಂತಿತ್ತು. ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್ ಮಾಡಿದೆ.

ಹಸಿರು ಬಳೆ, ಆರತಿ, ಉಡಿ ತುಂಬುವುದು ಎಲ್ಲ ಬಂತು. ಅತ್ತಿ ಕನ್ನಡಕ ಒರೆಸಿದಳು, ಮತ್ತೆ ಹಾಕಿಕೊಂಡಳು. "ನಾ ಎಲ್ಲಿ? ಕಂಬದ ಬಾಜೂಕ ನಿಂತಿದ್ನೆಲ್ಲ! ಕಂಬಾನ ಇಲ್ಲಲ್ಲೋ!"

ಇದು ಓವರ್‌ಸ್ಕ್ಯಾನ್. ಉಬ್ಬು ಗಾಜಿನ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ನೆಟ್ಟಗಿರುತ್ತಿರಲಿಲ್ಲ. ಅದನ್ನು ಮುಚ್ಚಲು ಸುತ್ತಲೂ ತುಸು ಕತ್ತರಿಸಿ ತೋರಿಸುತ್ತಿದ್ದರು. ಗಾಜು ಚಪ್ಪಟೆಯಾಯಿತು, ಕತ್ತರಿ ಕೈಬಿಡಲಿಲ್ಲ. ಪಿಕ್ಚರ್ ಸೈಜ್ ಹುಡುಕಿ ಬದಲಿಸಿದೆ. ನಾಲ್ಕೂ ಅಂಚು ಒಳಗೆ ಸರಿದವು. ಕಂಬ ಬಂತು. ಕಂಬದ ಬಾಜೂಕ ಕೆಂಪು ತೋಪ ತೆನಿ ಬಂತು. ಅಲ್ಲಿಗೆ ಮುಗಿಯಿತು, ಅತ್ತಿಯ ಮಾರಿಯವರೆಗೆ ವಿಡಿಯೋದವನೇ ಕ್ಯಾಮೆರಾ ತಿರುಗಿಸಿರಲಿಲ್ಲ.

ನಾನು ಉಸಿರು ಬಿಗಿಹಿಡಿದೆ. ಅತ್ತಿ ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಸೆರಗರೆ ಛಲೋ ಬಂದೈತಿ. ಇನ್ನೊಮ್ಮೆ ಹಚ್ಚು."