ಅಮುಕಿದಷ್ಟೂ ಊದಿದ ಫೈಲು

ನಲವತ್ತೆರಡಕ್ಕೆ ಕೆಲವರು ಗಿಟಾರ್ ಹಿಡಿಯುತ್ತಾರೆ. ಕೆಲವರು ಬೆಳಗಿನ ಜಾವ ಸೈಕಲ್ ತುಳಿದು ನಂದಿಬೆಟ್ಟಕ್ಕೆ ಹೋಗಿ ಫೋಟೋ ಹಾಕುತ್ತಾರೆ. ನಾನು ಕಂಪ್ಯೂಟರಿನ ಚಿಪ್ ಜೊತೆ ನೇರವಾಗಿ ಮಾತಾಡುವ ಅಸೆಂಬ್ಲಿ ಭಾಷೆ ಹಿಡಿದೆ. ಅದೂ 1978ರ 8086 ಪ್ರೊಸೆಸರಿನದು. ಹಳೇ ಯಂತ್ರ ಎಲ್ಲಿಂದ ತರೋದು? ಲ್ಯಾಪ್‌ಟಾಪಿನಲ್ಲೇ ಡಾಸ್‌ಬಾಕ್ಸ್ ಎಂಬ, ಹಳೇ ಕಂಪ್ಯೂಟರಿನ ವೇಷ ಹಾಕುವ ತಂತ್ರಾಂಶ ಹಾಕಿಕೊಂಡು, ಫೈಲ್ ಕುಗ್ಗಿಸುವ ಪ್ರೋಗ್ರಾಂ ಬರೆಯಲು ಕೂತೆ.

ಇರುವುದರಲ್ಲೇ ಸುಲಭದ ದಾರಿ ರನ್-ಲೆಂಗ್ತ್ ಎನ್‌ಕೋಡಿಂಗ್. ಹಾಲಿನ ಲೆಕ್ಕದ ಹಾಗೆ. ದಿನಾ "ಅರ್ಧ ಲೀಟರ್" ಅಂತ ಬರೆಯುವ ಬದಲು "30 ದಿನ, ಅರ್ಧ ಲೀಟರ್" ಅಂತ ಒಂದೇ ಸಲ ಬರೆಯೋದು. ಎಷ್ಟು ಸಲ ಅನ್ನುವುದಕ್ಕೆ ಒಂದು ಬೈಟ್, ಏನು ಅನ್ನುವುದಕ್ಕೆ ಇನ್ನೊಂದು.

300 ನಕ್ಷತ್ರ ಚಿಹ್ನೆ ತುಂಬಿದ ಫೈಲ್ ಕೊಟ್ಟೆ. ಎರಡೇ ಬೈಟ್ ಆಗಿ ಬಂತು! ಕುಣಿದಾಡುವುದೊಂದು ಬಾಕಿ. ವಾಪಸ್ ಬಿಚ್ಚಿದರೆ 44 ನಕ್ಷತ್ರ. ಉಳಿದ 256 ಎಲ್ಲಿ? ಪ್ರೊಸೆಸರಿನೊಳಗೆ ನಾನು ಎಣಿಸುತ್ತಿದ್ದ, ಸಿಎಲ್ ರಿಜಿಸ್ಟರ್ ಎಂಬ ಒಂದು ಬೈಟಿನ ಗೂಡಿಗೆ 255ರವರೆಗೆ ಮಾತ್ರ ಲೆಕ್ಕ ಬರುತ್ತದೆ. ಆಮೇಲೆ ಹಳೇ ಸ್ಕೂಟರಿನ ಮೀಟರಿನಂತೆ ತೆಪ್ಪಗೆ ಸೊನ್ನೆಗೆ ಬಂದು ಕೂರುತ್ತದೆ.

ಸರಿಪಡಿಸುವುದು ಬಿಟ್ಟು, ಕುತೂಹಲಕ್ಕೆ ಸರಿಯಾಗಿ 256 ನಕ್ಷತ್ರ ಕೊಟ್ಟು ನೋಡಿದೆ. ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಅದು. ಎಣಿಕೆ ಸೊನ್ನೆ ಅಂತ ಬರೆದುಕೊಂಡಿತು. ಬಿಚ್ಚುವಾಗ ಬಳಸಿದ್ದು 'ಲೂಪ್' ಆಜ್ಞೆ. ಈ ಮಹಾಶಯ ಮೊದಲು ಒಂದು ಕಳೆಯುತ್ತಾನೆ, ಆಮೇಲೆ ಸೊನ್ನೆ ಆಯ್ತಾ ಅಂತ ನೋಡುತ್ತಾನೆ. ಅವನು ನೋಡುವುದು ಬರೀ ಸಿಎಲ್ ಅಲ್ಲ, ಅದನ್ನೂ ಒಳಗೊಂಡ ಎರಡು ಬೈಟಿನ ಗೂಡು ಸಿಎಕ್ಸ್. ಅಲ್ಲಿ ಸೊನ್ನೆಯಲ್ಲಿ ಒಂದು ಕಳೆದರೆ 65535. ಅಂದರೆ ಒಟ್ಟು 65536 ಸುತ್ತು. ನನ್ನ ಪ್ರೋಗ್ರಾಂ ವಾಸವಾಗಿದ್ದ ಜಾಗವೇ 64 ಕೆಬಿ, ಅಂದರೆ ಅದೇ 65536 ಬೈಟ್. ನಕ್ಷತ್ರ ಸುರಿಯುತ್ತಾ ಸುರಿಯುತ್ತಾ ಅದು ತನ್ನ ಮೇಲೇ ಸುರಿದುಕೊಂಡಿತು. ಕೂತ ಕೊಂಬೆಯನ್ನೇ ಕಡಿದವನ ಕಥೆ. ಪರದೆ ಗರ ಬಡಿದಂತೆ ನಿಂತಿತು.

ಎರಡು ರಾತ್ರಿ ಕೂತು ಎಲ್ಲ ಸರಿಮಾಡಿದೆ. ಅಮ್ಮ ಬಂದು ಇಣುಕಿದರು. "ಏನೋ ಅದು, ಇನ್ನೂ ಮಲಗಿಲ್ವಾ?"

"ಫೈಲ್ ಚಿಕ್ಕದು ಮಾಡ್ತಿದೀನಮ್ಮ."

"ಹಾಗಾದ್ರೆ ನಾನು ಹೇಳಿ ಬರೆಸಿದ ಹುಳಿಪುಡಿ ಇದೆಯಲ್ಲ, ಅದನ್ನ ಮಾಡು."

ಕನ್ನಡದಲ್ಲಿ ಟೈಪ್ ಮಾಡಿಟ್ಟ ಫೈಲು, 900 ಬೈಟ್. ಕುಗ್ಗಿಸಿದ ಮೇಲೆ 1782.

ಕಾರಣ ಆಮೇಲೆ ಹೊಳೆಯಿತು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು, ಗುಡಿಸಿಗೂ ಮೂರು ಮೂರು ಬೈಟ್. ಪಕ್ಕಪಕ್ಕದ ಬೈಟುಗಳು ಒಂದರಂತೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ "ಒಂದು ಸಲ, ಒಂದು ಸಲ" ಅಂತ ಬರೆದರೆ ಗಾತ್ರ ಇಮ್ಮಡಿ ಆಗದೆ ಇನ್ನೇನು? ಹಾಗಾದರೆ 1800 ಆಗಬೇಕಿತ್ತಲ್ಲ, 18 ಬೈಟ್ ಉಳಿಸಿಕೊಟ್ಟ ಪುಣ್ಯಾತ್ಮ ಯಾರು?

ಹುಡುಕಿದೆ. 'ಲ'! ಅದರ ಬೈಟುಗಳು, ಕಂಪ್ಯೂಟರಿನವರ ಹದಿನಾರರ ಲೆಕ್ಕದಲ್ಲಿ, ಇ0, ಬಿ2, ಬಿ2. ಕೊನೆಯ ಎರಡು ಅವಳಿಜವಳಿ. ಕ, ಗ, ಮ, ನ ಯಾವುದಕ್ಕೂ ಈ ಭಾಗ್ಯ ಇಲ್ಲ. ಬಾಣಲೆ, ಕಾಲು ಕೆಜಿ, ಕರಿಬೇವಿನ ಎಲೆ ಅಂತ ಹುಳಿಪುಡಿಯಲ್ಲಿ ಒಟ್ಟು ಒಂಬತ್ತು 'ಲ' ಇದ್ದವು. ಒಂದೊಂದೂ ಎರಡೆರಡು ಬೈಟ್ ಉಳಿಸಿತ್ತು.

ಆಸೆ ಚಿಗುರಿತು. ಬರೀ 'ಲ'ಗಳ ಫೈಲ್ ಮಾಡಿದೆ. ನೂರು 'ಲ', 300 ಬೈಟ್. ಕುಗ್ಗಿಸಿದೆ.

400 ಬಂತು. "ಒಂದು ಇ0, ಎರಡು ಬಿ2" ಅಂತ ಬರೆಯಲು ಪ್ರತಿ 'ಲ'ಗೂ ನಾಲ್ಕು ಬೈಟ್!

ಬೆಳಿಗ್ಗೆ ಅಮ್ಮ ಕಾಫಿ ಕೊಡುತ್ತಾ ಕೇಳಿದರು, "ಹುಳಿಪುಡಿ ಎಷ್ಟು ಚಿಕ್ಕದಾಯ್ತೋ?"

"ಹೆಚ್ಚುಕಮ್ಮಿ ಎರಡರಷ್ಟಾಯ್ತು ಅಮ್ಮ."

"ಒಳ್ಳೇದೇ ಆಯ್ತು ಬಿಡು. ಅಕ್ಕನ ಮನೆಗೂ ಒಂದು ಡಬ್ಬಿ ಕಳಿಸಬೇಕಿತ್ತು."